30 ವರ್ಷದ ಸರಕಾರಿ ಬಾಂಡ್ ಕೊಳ್ಳಬಹುದಾ? ಈ ವಾರದ ಪ್ರಶ್ನೋತ್ತರ

(ಉತ್ತರಿಸುವವರು: ಮಂಗಳೂರಿನ ಹೂಡಿಕೆ ಸಲಹೆಗಾರ್ತಿ)

ಪ್ರಶ್ನೆ (ಕದ್ರಿಯಿಂದ): ಮೇಡಂ, ನಮಸ್ಕಾರ. ನನಗೆ 60. ಬ್ಯಾಂಕಿನಲ್ಲಿ ದುಡಿದು ಈಗಷ್ಟೇ ರಿಟೈರ್ ಆಗಿದ್ದೇನೆ. 45 ಲಕ್ಷ ಎಫ್‌ಡಿ ಇದೆ, 15 ಲಕ್ಷ ಷೇರು ಫಂಡುಗಳಲ್ಲಿ ಇದೆ, 10 ಲಕ್ಷ ಉಳಿತಾಯ ಖಾತೆಯಲ್ಲಿ ಸುಮ್ನೆ ಕೂತಿದೆ. ಪೆನ್ಷನ್ ಬರುತ್ತದೆ, ಆದರೆ ಸಾಲುವುದಿಲ್ಲ. ಪರಿಚಯದವರೊಬ್ಬರು "20 ಲಕ್ಷ ತೆಗೆದು 30 ವರ್ಷದ ಸರಕಾರಿ ಬಾಂಡಿಗೆ ಹಾಕಿ, ಸರಕಾರದ ಗ್ಯಾರಂಟಿ, ರಿಸ್ಕೇ ಇಲ್ಲ" ಎನ್ನುತ್ತಾರೆ. ಹೌದಾ? 30 ವರ್ಷ ಮುಗಿಯುವಾಗ ನನಗೆ 90 ಆಗ್ತದೆ ಮಾರಾಯ್ರೆ!

ಉತ್ತರ: ಸರ್, ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ಸರಿ. ಸರಕಾರಿ ಬಾಂಡ್ ಅಂದರೆ ನೀವು ಸರಕಾರಕ್ಕೆ ಕೊಡುವ ಸಾಲ. ಬಡ್ಡಿ ಆರು ತಿಂಗಳಿಗೊಮ್ಮೆ ಬಂದೇ ಬರುತ್ತದೆ, ಕೊನೆಗೆ ಅಸಲೂ ಬರುತ್ತದೆ. ರೂಪಾಯಿಯಲ್ಲಿ ಸಾಲ ತೀರಿಸುವ ವಿಷಯದಲ್ಲಿ ಭಾರತ ಸರಕಾರಕ್ಕಿಂತ ಗಟ್ಟಿ ಸಾಲಗಾರ ನಮ್ಮಲ್ಲಿ ಇಲ್ಲ. ಎಫ್‌ಡಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ. ಬಾಂಡಿಗೆ ಆ ಮಿತಿಯ ಪ್ರಶ್ನೆಯೇ ಇಲ್ಲ.

ಅವರು ಹೇಳದೆ ಬಿಟ್ಟದ್ದು ನಡುವಿನ ಬೆಲೆಯ ಕಥೆ. 7 ಪರ್ಸೆಂಟ್ ಬಡ್ಡಿಯ 30 ವರ್ಷದ ಬಾಂಡನ್ನು 1 ಲಕ್ಷಕ್ಕೆ ಕೊಂಡಿರಿ ಎಂದಿಟ್ಟುಕೊಳ್ಳಿ. ಮರುದಿನವೇ ಮಾರುಕಟ್ಟೆಯ ದರ 8 ಪರ್ಸೆಂಟ್ ಆಯಿತು. ನಿಮ್ಮ 7 ಪರ್ಸೆಂಟ್ ಬಾಂಡನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಅದರ ಬೆಲೆ ಸುಮಾರು 88,700ಕ್ಕೆ ಇಳಿಯುತ್ತದೆ. ದರ 6 ಆದರೆ ಸುಮಾರು 1,13,800ಕ್ಕೆ ಏರುತ್ತದೆ. ಅದೇ ಬಡ್ಡಿಯ 10 ವರ್ಷದ ಬಾಂಡ್ ಆಗಿದ್ದರೆ ಏರಿಳಿತ 7 ಪರ್ಸೆಂಟ್ ಆಸುಪಾಸಿಗೆ ನಿಲ್ಲುತ್ತಿತ್ತು. ಅವಧಿ ಉದ್ದವಾದಷ್ಟೂ ಕುಲುಕಾಟ ಜಾಸ್ತಿ. ಕೊನೆಯವರೆಗೆ ಇಟ್ಟುಕೊಳ್ಳುವವರಿಗೆ ಇದು ಕಾಗದದ ಮೇಲಿನ ನಷ್ಟ. ಆದರೆ ನೀವೇ ಹೇಳಿದ ಹಾಗೆ ಕೊನೆ ಅಂದರೆ 90. ನಡುವೆ ಆಸ್ಪತ್ರೆಗೋ ಮಗಳ ಮನೆ ಕೆಲಸಕ್ಕೋ ಹಣ ಬೇಕಾದರೆ ಅವತ್ತಿನ ಬೆಲೆಗೇ ಮಾರಬೇಕು.

ಹಾಗಾದರೆ ಬೇಡವೇ ಬೇಡವಾ? ಅಲ್ಲ. ಎಫ್‌ಡಿಗೂ ಒಂದು ರಿಸ್ಕ್ ಇದೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮದು ಬ್ಯಾಂಕುಗಳು ಹುಟ್ಟಿದ ನಾಡು. 1906ರಲ್ಲೇ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್. ಎಫ್‌ಡಿ ಅಂದರೆ ನಮಗೆ ಎರಡನೇ ಮಾತಿಲ್ಲ. ಆದರೆ ಎಫ್‌ಡಿ ದರ ಕಟ್ಟಿಹಾಕುವುದು ಐದು, ಹೆಚ್ಚೆಂದರೆ ಹತ್ತು ವರ್ಷಕ್ಕೆ. 2014ರ ಆಸುಪಾಸಿನಲ್ಲಿ ದೊಡ್ಡ ಬ್ಯಾಂಕುಗಳು 9 ಪರ್ಸೆಂಟ್ ಹತ್ತಿರ ಕೊಡುತ್ತಿದ್ದವು. 2020-21ರಲ್ಲಿ ಸ್ಟೇಟ್ ಬ್ಯಾಂಕಿನ ಐದು ವರ್ಷದ ದರ 5.4 ಆಗಿತ್ತು. ಆಗ ರಿನ್ಯೂ ಮಾಡಲು ಬಂದ ಹಿರಿಯರ ಮುಖ ಕೌಂಟರಿನ ಈ ಕಡೆಯಿಂದ ನೀವು ನೋಡಿರುತ್ತೀರಿ. ಅಸಲು ಒಂದು ರೂಪಾಯಿಯೂ ಕಮ್ಮಿ ಆಗಿರಲಿಲ್ಲ, ಆದಾಯ ಮಾತ್ರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಗಿತ್ತು. ಉದ್ದದ ಬಾಂಡ್ ನಿಮ್ಮನ್ನು ಕಾಪಾಡುವುದು ಇದರಿಂದಲೇ, ಅದರ ಬಡ್ಡಿ ಕೊನೆಯವರೆಗೂ ಬದಲಾಗುವುದಿಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. ಮೊದಲು ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡಿ. 30 ಲಕ್ಷದವರೆಗೆ ಹಾಕಬಹುದು. 2023ರ ಏಪ್ರಿಲ್‌ನಿಂದ ಅದಕ್ಕೆ 8.2 ಪರ್ಸೆಂಟ್ ದರ ನಡೆದು ಬಂದಿದೆ, ಮೂರು ತಿಂಗಳಿಗೊಮ್ಮೆ ಬಡ್ಡಿ. ಅದೂ ಸರಕಾರದ್ದೇ, ಬೆಲೆಯ ಏರಿಳಿತವೂ ಇಲ್ಲ. ಅದನ್ನು ತುಂಬಿಸದೆ ಬಾಂಡಿಗೆ ಓಡುವುದು ಸರಿ ಅಲ್ಲ. ಆಮೇಲೆ ಐದು ವರ್ಷದ ಖರ್ಚಿಗೆ ಪೆನ್ಷನ್ ಬಿಟ್ಟು ಎಷ್ಟು ಬೇಕೋ ಅಷ್ಟು ಎಫ್‌ಡಿಯಲ್ಲಿ, ಎರಡು ಮೂರು ಬ್ಯಾಂಕಿಗೆ ಹಂಚಿ. ಷೇರು ಫಂಡು ಹಾಗೇ ಇರಲಿ. ಬಾಂಡಿಗೆ 7-8 ಲಕ್ಷ ಸಾಕು, 20 ಬೇಡ. ಅದರಲ್ಲೂ ಎಲ್ಲವನ್ನೂ 30 ವರ್ಷದ್ದಕ್ಕೆ ಹಾಕಬೇಡಿ. ಹೆಚ್ಚು ಪಾಲು 10ರಿಂದ 15 ವರ್ಷದ್ದು ಕೊಳ್ಳಿ. ನಿಮಗೆ 70-75 ಆಗುವಾಗ ಅಸಲು ಕೈಗೆ ಬರಬೇಕು.

ಅವರದೇ ಮರುಪ್ರಶ್ನೆ: ಥ್ಯಾಂಕ್ಸ್ ಮೇಡಂ. ಆದರೆ ಇಷ್ಟು ಒಳ್ಳೆಯದಾದರೆ 20 ಯಾಕೆ ಬೇಡ? ನಮ್ಮ ಬ್ಯಾಂಕಿನ ಟ್ರೆಷರಿಯವರು ಇದನ್ನೇ ರಾಶಿ ರಾಶಿ ಕೊಳ್ಳುತ್ತಿದ್ದರಲ್ಲ.

ಉತ್ತರ: ಎಸ್‌ಎಲ್‌ಆರ್ ನಿಮಗೆ ನಾನು ಹೇಳಿಕೊಡಬೇಕಾ ಸರ್! ಬ್ಯಾಂಕುಗಳು ಠೇವಣಿಯ 18 ಪರ್ಸೆಂಟ್ ಆಸುಪಾಸನ್ನು ನಗದು, ಚಿನ್ನ ಅಥವಾ ಸರಕಾರಿ ಬಾಂಡಿನಲ್ಲಿ ಇಡಲೇಬೇಕು ಎನ್ನುವ ನಿಯಮ ಅದು, ಇಡುವುದು ಹೆಚ್ಚಾಗಿ ಬಾಂಡಿನಲ್ಲೇ. ಅಂದರೆ ನಿಮ್ಮ ಎಫ್‌ಡಿ ಹಣದ ಒಂದು ಪಾಲು ಹೇಗೂ ಸರಕಾರಕ್ಕೆ ಸಾಲ ಹೋಗಿದೆ. ಎಲ್‌ಐಸಿ, ಪೆನ್ಷನ್ ಫಂಡುಗಳು 30-40 ವರ್ಷದ ಬಾಂಡ್ ಕೊಳ್ಳುವುದು ಅವರು ಕೊಡಬೇಕಾದ ಹಣವೂ ಅಷ್ಟೇ ದೂರದಲ್ಲಿ ಇರುವುದರಿಂದ. ನಿಮ್ಮ ಖರ್ಚು ಇವತ್ತೇ ಶುರುವಾಗಿದೆ.

ಇನ್ನೊಂದು ಕಾರಣ ಬೆಲೆಯೇರಿಕೆ. ಬಾಂಡಿನ ಬಡ್ಡಿ 30 ವರ್ಷವೂ ಅಷ್ಟೇ. ವರ್ಷಕ್ಕೆ 5 ಪರ್ಸೆಂಟ್ ಬೆಲೆ ಏರಿದರೆ ಇವತ್ತಿನ ಒಂದು ರೂಪಾಯಿಗೆ 30 ವರ್ಷದ ನಂತರ 23 ಪೈಸೆಯ ಬೆಲೆ. ಇದಕ್ಕೆ ಉತ್ತರ ಕೊಡಬೇಕಾದದ್ದು ನಿಮ್ಮ ಷೇರು ಫಂಡು, ಬಾಂಡ್ ಅಲ್ಲ.

ಪ್ರಶ್ನೆ (ಮಣಿಪಾಲದಿಂದ): ಅಕ್ಕ, ನನಗೆ 32. ಇಪಿಎಫ್ ಇದೆ, ಎನ್‌ಪಿಎಸ್ ಇದೆ, ಉಳಿದದ್ದೆಲ್ಲ ಷೇರು ಫಂಡ್ ಎಸ್‌ಐಪಿ. ರೆಪೊ ದರ ಇಳಿದರೆ ಉದ್ದದ ಬಾಂಡಿನಲ್ಲಿ ಒಳ್ಳೆ ಲಾಭ ಅಂತ ಎಲ್ಲ ವಿಡಿಯೊಗಳಲ್ಲೂ ಹೇಳುತ್ತಾರೆ. ಸರಕಾರಿ ಬಾಂಡುಗಳನ್ನೇ ಕೊಳ್ಳುವ ಗಿಲ್ಟ್ ಫಂಡ್ ಶುರು ಮಾಡಲಾ?

ಉತ್ತರ: ಆ ವಿಡಿಯೊಗಳನ್ನು ಸ್ವಲ್ಪ ಪಕ್ಕಕ್ಕೆ ಇಡಿ ತಮ್ಮ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ರೆಪೊವನ್ನು ಒಂದೇ ಸಲ ಅರ್ಧ ಪರ್ಸೆಂಟ್ ಇಳಿಸಿ 5.5ಕ್ಕೆ ತಂದಿತು. ಜೊತೆಗೆ ಇನ್ನು ಇಳಿಸಲು ಹೆಚ್ಚು ಜಾಗ ಇಲ್ಲ ಎಂಬ ಸೂಚನೆಯನ್ನೂ ಕೊಟ್ಟಿತು. ಉದ್ದದ ಬಾಂಡಿನ ಯೀಲ್ಡ್, ಅಂದರೆ ಅವತ್ತಿನ ಬೆಲೆಗೆ ಕೊಂಡವರಿಗೆ ಸಿಗುವ ದರ, ಇಳಿಯಲಿಲ್ಲ, ಏರಿತು. ಆಗಸ್ಟ್ ಹೊತ್ತಿಗೆ 30 ವರ್ಷದ್ದು 7 ದಾಟಿತ್ತು. ಯೀಲ್ಡ್ ಏರಿತು ಅಂದರೆ ಬೆಲೆ ಬಿತ್ತು ಅಂತ ಅರ್ಥ. ರೆಪೊ ಅನ್ನುವುದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ದರ. 30 ವರ್ಷದ ದರವನ್ನು ಬೆಲೆಯೇರಿಕೆಯ ಭಯ, ಸರಕಾರ ಎಷ್ಟು ಸಾಲ ಎತ್ತುತ್ತದೆ, ಕೊಳ್ಳುವವರು ಎಷ್ಟು ಜನ ಎಂಬುದೆಲ್ಲ ಸೇರಿ ತೀರ್ಮಾನಿಸುತ್ತದೆ.

ನಿಮ್ಮ ಹತ್ತಿರ ಸರಕಾರಿ ಬಾಂಡ್ ಆಗಲೇ ಇದೆ. ಇಪಿಎಫ್ ಹಣದ ದೊಡ್ಡ ಪಾಲು ಅಲ್ಲೇ ಇದೆ. ಎನ್‌ಪಿಎಸ್‌ನ 'ಜಿ' ವಿಭಾಗವೂ ಅದೇ. ಗಿಲ್ಟ್ ಫಂಡಿಗೆ ತೆರಿಗೆಯ ತೊಂದರೆಯೂ ಇದೆ. 2023ರ ಏಪ್ರಿಲ್ 1ರ ನಂತರ ಕೊಂಡಿದ್ದರೆ ಎಷ್ಟು ವರ್ಷ ಇಟ್ಟರೂ ಲಾಭಕ್ಕೆ ನಿಮ್ಮ ಸ್ಲ್ಯಾಬಿನ ತೆರಿಗೆ. ಮೊದಲು ಎನ್‌ಪಿಎಸ್ ಹಂಚಿಕೆ ತೆರೆದು ನೋಡಿ. 'ಜಿ'ಯಲ್ಲಿ ಏನೂ ಇಲ್ಲದಿದ್ದರೆ 15-20 ಪರ್ಸೆಂಟ್ ಇಡಿ, ಸಾಕು. ಬೇರೆ ಫಂಡ್ ಈಗ ಬೇಡ.

ಪ್ರಶ್ನೆ (ಉಡುಪಿಯಿಂದ): ನನ್ನದು ಪ್ರಶ್ನೆಗಿಂತ ತಕರಾರು. ಷೇರು ಬಿದ್ದಾಗ ಬಾಂಡ್ ಎತ್ತಿ ಹಿಡಿಯುತ್ತದೆ ಅಂತ ಪುಸ್ತಕದಲ್ಲಿ ಇದೆ. 2022ರಲ್ಲಿ ಅಮೆರಿಕದಲ್ಲಿ ಎರಡೂ ಒಟ್ಟಿಗೆ ಬಿದ್ದವಲ್ಲ? ಹಾಗಾದರೆ ಇದರಿಂದ ಎಂತ ಪ್ರಯೋಜನ?

ಉತ್ತರ: ತಕರಾರು ನ್ಯಾಯವಾದದ್ದೇ. ಇವತ್ತು ಬಂದ ಮಾತುಗಳಲ್ಲಿ ನನಗೆ ಇದೇ ಮುಖ್ಯ ಅನಿಸಿತು.

2022ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಎಸ್‌ ಆ್ಯಂಡ್‌ ಪಿ 500 ಡಿವಿಡೆಂಡ್ ಸೇರಿಸಿಯೂ ಸುಮಾರು 18 ಪರ್ಸೆಂಟ್ ಬಿತ್ತು. ಅಲ್ಲಿನ ಸರಕಾರದ 20 ವರ್ಷ ಮೀರಿದ ಬಾಂಡುಗಳು ಸುಮಾರು 30 ಪರ್ಸೆಂಟ್ ಬಿದ್ದವು. ಅಂದರೆ 'ಸುರಕ್ಷಿತ' ಎಂದದ್ದೇ ಜಾಸ್ತಿ ಬಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಸರಕಾರ ಬಜೆಟ್ ಘೋಷಿಸಿದ ಕೆಲವೇ ದಿನಗಳಲ್ಲಿ ಉದ್ದದ ಬಾಂಡ್ ಎಷ್ಟು ಕುಸಿಯಿತು ಎಂದರೆ, ಪೆನ್ಷನ್ ಫಂಡುಗಳನ್ನು ಉಳಿಸಲು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಕೊಳ್ಳಲು ಇಳಿಯಬೇಕಾಯಿತು.

ಈಗ ನಮ್ಮ 2008 ನೋಡಿ. ಸೆನ್ಸೆಕ್ಸ್ ಒಂದೇ ವರ್ಷದಲ್ಲಿ 20,000 ಮೇಲಿಂದ 9,600ರ ಹತ್ತಿರಕ್ಕೆ ಬಂತು. ನಮ್ಮ 10 ವರ್ಷದ ಸರಕಾರಿ ಬಾಂಡಿನ ಯೀಲ್ಡ್ ಜುಲೈ-ಆಗಸ್ಟ್‌ನಲ್ಲಿ 9 ದಾಟಿತ್ತು, ಡಿಸೆಂಬರ್ ಕೊನೆಗೆ 5.3ರ ಆಸುಪಾಸು. ಬಾಂಡ್ ಇಟ್ಟುಕೊಂಡವರಿಗೆ ಆ ಕೆಲವು ತಿಂಗಳಲ್ಲಿ ಭರ್ಜರಿ ಲಾಭ. ಆದರೆ 2013ರಲ್ಲಿ ರೂಪಾಯಿ ಕುಸಿಯಿತು. ಅದನ್ನು ಹಿಡಿಯಲು ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಅಲ್ಪಾವಧಿ ದರ ಬಿಗಿ ಮಾಡಿತು. ಮೇ ತಿಂಗಳಲ್ಲಿ 7ರ ಸ್ವಲ್ಪ ಮೇಲೆ ಇದ್ದ ಯೀಲ್ಡ್ ಆಗಸ್ಟ್‌ನಲ್ಲಿ 9 ದಾಟಿತು. ಷೇರೂ ಬಿತ್ತು, ಬಾಂಡೂ ಬಿತ್ತು.

ವ್ಯತ್ಯಾಸ ಏನು? 2008ರ ಕೊನೆಯಲ್ಲಿ ಇದ್ದದ್ದು ವ್ಯಾಪಾರ ನಿಲ್ಲುವ ಭಯ. ಅಂಥ ಹೊತ್ತಿನಲ್ಲಿ ಕೇಂದ್ರ ಬ್ಯಾಂಕುಗಳು ದರ ಇಳಿಸುತ್ತವೆ, ಬಾಂಡ್ ಏರುತ್ತದೆ. ನಮ್ಮ 2013ರಲ್ಲಿ ಇದ್ದದ್ದು ರೂಪಾಯಿ ಬೀಳುವ ತೊಂದರೆ, ಅಮೆರಿಕದ 2022ರಲ್ಲಿ ಬೆಲೆ ಏರುವ ತೊಂದರೆ. ಅದಕ್ಕೆ ಮದ್ದು ದರ ಏರಿಸುವುದೇ. ಆಗ ಬಾಂಡಿಗೂ ಪೆಟ್ಟು, ಷೇರಿಗೂ ಪೆಟ್ಟು. ಒಂದು ಬಗೆಯ ಕಷ್ಟಕ್ಕೆ ಉದ್ದದ ಬಾಂಡ್ ಒಳ್ಳೆ ಜೊತೆ, ಇನ್ನೊಂದಕ್ಕೆ ಅಲ್ಲ. ನಮ್ಮ ದೇಶದಲ್ಲಿ ಎರಡನೇ ಬಗೆಯ ಕಷ್ಟ ಅಮೆರಿಕಕ್ಕಿಂತ ಜಾಸ್ತಿ ಸಲ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಅಮೆರಿಕದ ಪುಸ್ತಕ ಓದಿ 40 ಪರ್ಸೆಂಟ್ ಉದ್ದದ ಬಾಂಡ್ ಇಡುವವರನ್ನು ನಾನು ತಡೆಯುತ್ತೇನೆ. 10ರಿಂದ 15 ಪರ್ಸೆಂಟ್ ಸಾಕು, ಅದೂ ದೂರದ ಖರ್ಚಿಗೆ ಅಂತ ಇಟ್ಟ ಹಣದಲ್ಲಿ. ಎರಡನೇ ಕಷ್ಟಕ್ಕೆ ನಮ್ಮವರ ಹತ್ತಿರ ಚಿನ್ನ ಹೇಗೂ ಬೇಕಾದಷ್ಟು ಇದೆ ಅಲ್ವಾ! 2013ರಲ್ಲಿ ರೂಪಾಯಿ ಬಿದ್ದ ಆ ತಿಂಗಳುಗಳಲ್ಲಿ ರೂಪಾಯಿ ಲೆಕ್ಕದ ಚಿನ್ನ ಏರಿತ್ತು.

ಉಡುಪಿಯವರು: ಒಪ್ಪಿದೆ. ಗೋಲ್ಡ್ ಬಾಂಡ್ ಕೂಡ ಸರಕಾರದ್ದೇ ಅಲ್ವಾ, ಅದಾದರೆ?

ಉತ್ತರ: ಅದು ಬೇರೆಯೇ. ಅದರ ಬೆಲೆ ಚಿನ್ನದ ಜೊತೆ ಹೋಗುತ್ತದೆ. ಹೊಸದಾಗಿ ಬಿಟ್ಟದ್ದು 2024ರ ಫೆಬ್ರುವರಿಯಲ್ಲೇ ಕೊನೆ.

ಪ್ರಶ್ನೆ (ಕಾಪುವಿನವರು, ಈಗ ದುಬೈಯಲ್ಲಿ): ನಾನೂ ಕೊಳ್ಳಬಹುದಾ? ಐದಾರು ವರ್ಷದಲ್ಲಿ ಊರಿಗೆ ಬರುವ ಯೋಚನೆ ಇದೆ.

ಉತ್ತರ: ಕೊಳ್ಳಬಹುದು. ಅನಿವಾಸಿಗಳಿಗೆ ಮಿತಿ ಇಲ್ಲದೆ ಕೆಲವು ನಿಗದಿತ ಬಾಂಡುಗಳನ್ನು 2020ರಿಂದ ತೆರೆದಿಟ್ಟಿದ್ದಾರೆ. 2024ರ ಜುಲೈ ಕೊನೆಯಿಂದ ಹೊಸದಾಗಿ ಬರುವ 14 ಮತ್ತು 30 ವರ್ಷದ ಬಾಂಡುಗಳನ್ನು ಆ ಪಟ್ಟಿಗೆ ಸೇರಿಸುವುದು ನಿಲ್ಲಿಸಿದರು. ಹಳೆಯವು ಉಳಿದಿವೆ. ಆದರೆ ನಿಮಗೆ ಅವಸರ ಬೇಡ ಅಂತಲೇ ಹೇಳುತ್ತೇನೆ. ನೀವು ಹೊರಗೆ ಇರುವಷ್ಟು ದಿನ ಎನ್‌ಆರ್‌ಇ ಎಫ್‌ಡಿ (ಅನಿವಾಸಿಗಳು ಹೊರಗಿನ ಗಳಿಕೆ ಇಡುವ ಠೇವಣಿ) ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಬಾಂಡಿನ ಬಡ್ಡಿಗೆ ಇದೆ. ತೆರಿಗೆ ಕಳೆದ ಮೇಲೆ ಬಾಂಡ್ ಗೆಲ್ಲುವುದು ಕಷ್ಟ. ಊರಿಗೆ ಬಂದು ನೆಲೆಸಿದ ವರ್ಷ ಮತ್ತೆ ಕೇಳಿ.

ಪ್ರಶ್ನೆ (ಬಂಟ್ವಾಳದಿಂದ): ಮೇಡಂ, ಕೊಳ್ಳುವುದು ಎಲ್ಲಿ? ಬ್ಯಾಂಕಿಗೆ ಹೋಗಿ ಕೇಳಿದರೆ ಇನ್ಶೂರೆನ್ಸ್ ಫಾರ್ಮ್ ಕೊಟ್ಟು ಕಳಿಸಿದರು. ಮತ್ತೆ, ನನಗೆ ಏನಾದರೂ ಆದರೆ ಹೆಂಡತಿಗೆ ಸಿಗ್ತದಾ?

ಉತ್ತರ: ಬ್ಯಾಂಕಿಗೆ ಹೋಗುವುದೇ ಬೇಡ. ರಿಸರ್ವ್ ಬ್ಯಾಂಕಿನ 'ರಿಟೇಲ್ ಡೈರೆಕ್ಟ್' 2021ರ ನವೆಂಬರ್‌ನಿಂದ ಇದೆ. ಪ್ಯಾನ್, ಕೆವೈಸಿ ದಾಖಲೆ, ಬ್ಯಾಂಕ್ ಖಾತೆ, ಇ-ಮೇಲ್, ಮೊಬೈಲ್ ನಂಬರ್ ಇದ್ದರೆ ಸಾಕು. ಖಾತೆ ತೆರೆಯಲು, ನಡೆಸಲು ರಿಸರ್ವ್ ಬ್ಯಾಂಕ್ ಶುಲ್ಕ ತೆಗೆದುಕೊಳ್ಳುವುದಿಲ್ಲ. ಕನಿಷ್ಠ 10,000 ರೂಪಾಯಿ. ಹರಾಜು ಸಾಮಾನ್ಯವಾಗಿ ಶುಕ್ರವಾರ. ನೀವು ದರ ಹೇಳಬೇಕಾಗಿಲ್ಲ, ಎಷ್ಟು ಬೇಕು ಅಂತ ಹೇಳಿದರೆ ಆಯಿತು. ದೊಡ್ಡವರು ಕೂಗಿದ ದರದ ಸರಾಸರಿಯಲ್ಲಿ ನಿಮಗೆ ಸಿಗುತ್ತದೆ. ಹೆಸರುಗಳು '7.09% ಜಿಎಸ್ 2054' ಅನ್ನುವ ಹಾಗೆ ಇರುತ್ತವೆ, ಮೊದಲನೆಯದು ಬಡ್ಡಿ, ಕೊನೆಯದು ಅಸಲು ಬರುವ ವರ್ಷ.

ಕೊಳ್ಳುವುದು ಸುಲಭ, ನಡುವೆ ಮಾರುವುದು ಅಷ್ಟು ಸುಲಭ ಅಲ್ಲ. ಈ ಮಾರುಕಟ್ಟೆಯಲ್ಲಿ ದೊಡ್ಡವರ ವ್ಯವಹಾರ ಕೋಟಿಗಳಲ್ಲಿ ನಡೆಯುತ್ತದೆ. 50 ಸಾವಿರದ ಚಿಲ್ಲರೆಗೆ ಕೊಳ್ಳುವವರು ಕಮ್ಮಿ, ಬೆಲೆಯೂ ಸ್ವಲ್ಪ ಕಮ್ಮಿಯೇ ಸಿಗಬಹುದು. ಬಡ್ಡಿಗೆ ಟಿಡಿಎಸ್ ಕಡಿತ ಇಲ್ಲ. ಹಾಗಂತ ತೆರಿಗೆ ಇಲ್ಲ ಅಂತಲ್ಲ, ರಿಟರ್ನ್ಸ್‌ನಲ್ಲಿ ನೀವೇ ತೋರಿಸಬೇಕು. ಒಂದು ವರ್ಷದ ಮೇಲೆ ಲಾಭಕ್ಕೆ ಮಾರಿದರೆ ಆ ಲಾಭಕ್ಕೆ 12.5 ಪರ್ಸೆಂಟ್.

ಹೆಂಡತಿಯ ವಿಷಯ: ಜಂಟಿ ಖಾತೆಯನ್ನೇ ತೆರೆಯಿರಿ, ಅವಕಾಶ ಇದೆ. ನಾಮಿನಿ ಹೆಸರನ್ನೂ ಆಗಲೇ ತುಂಬಿಸಿ. ಲಾಗಿನ್ ಯಾವ ಮೊಬೈಲ್ ನಂಬರಿಗೆ ಬರುತ್ತದೆ, ಬಡ್ಡಿ ಯಾವ ಖಾತೆಗೆ ಬೀಳುತ್ತದೆ ಎಂಬುದನ್ನು ಅವರ ಕೈಯಲ್ಲೇ ಒಂದು ಪುಸ್ತಕದಲ್ಲಿ ಬರೆಸಿಡಿ.