ಇಂಗ್ಲೆಂಡಿನ ಹಳ್ಳಿಮನೆ ಹಿಂದೆ ಪಬ್ ಆಗಿತ್ತೇ? ದಾಖಲೆ ಎಲ್ಲಿ ಸಿಗುತ್ತದೆ?

ಪ್ರಶ್ನೆ
ಇಂಗ್ಲೆಂಡಿನ ಹಳ್ಳಿಯೊಂದರ ಕಲ್ಲಿನ ಮನೆ. ಮೊದಲು ಪಬ್ ಆಗಿತ್ತು ಅಂತ ಊರವರ ಮಾತು. ಮುಂಬಾಗಿಲ ಮೇಲೆ ಬೋರ್ಡು ತೂಗಿಸುವ ಕಬ್ಬಿಣದ ತೋಳಿದೆ, ರಸ್ತೆ ಬದಿ ನೆಲಮಾಳಿಗೆಗೆ ಇಳಿಯುವ ಹಲಗೆಬಾಗಿಲಿದೆ. ಆದರೆ ಕೌಂಟಿ ದಾಖಲೆ ಕಚೇರಿಯ 1753–1828ರ ಲೈಸೆನ್ಸ್ ಮುಚ್ಚಳಿಕೆಗಳಲ್ಲಿ (ಪಬ್ ನಡೆಸುವವರು ಬರೆದುಕೊಡುತ್ತಿದ್ದ ಪತ್ರ) ಹೆಸರಿಲ್ಲ. 1851ರ ಜನಗಣತಿ ಪ್ರಕಾರ ಇಲ್ಲಿದ್ದವನು ಕಮ್ಮಾರ. ಊರವರ ಮಾತು ಸುಳ್ಳೇ?

ಉತ್ತರ 1
ಸುಳ್ಳಾಗಿರಬೇಕಿಲ್ಲ. 1830ರ ಬಿಯರ್‌ಹೌಸ್ ಕಾಯ್ದೆ ಬಂದಮೇಲೆ ಕಂದಾಯ ಕಟ್ಟುವ ಯಾರೇ ಆಗಲಿ, ಅಬಕಾರಿಯವರಿಗೆ 2 ಗಿನಿ (ಹಳೆಯ ಇಂಗ್ಲಿಷ್ ಹಣ) ತೆತ್ತು ಮನೆಯಲ್ಲೇ ಬಿಯರ್ ಮಾರಬಹುದಿತ್ತು. ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿರಲಿಲ್ಲ, ಹಾಗಾಗಿ 1869ರವರೆಗೆ ಅವರ ಕಡತಗಳಲ್ಲಿ ಇಂಥ ಮನೆಗಳು ಸಿಗುವುದಿಲ್ಲ. ಜಿನ್, ಬ್ರಾಂದಿ ಮಾರುವಂತಿರಲಿಲ್ಲ, ಬರೀ ಬಿಯರ್ ವ್ಯಾಪಾರ ಹೊಟ್ಟೆಗೆ ಸಾಲದು. ಅದಕ್ಕೇ ಕಮ್ಮಾರಿಕೆ, ಬಡಗಿತನ ಜೊತೆಗೇ ನಡೆಯುತ್ತಿತ್ತು. ಗಣತಿದಾರ ಒಂದೇ ಕಸುಬು ಬರೆದುಕೊಂಡಿದ್ದರೆ ಪಬ್ ಕಾಣೆಯಾಯಿತು ಅಂತಲೇ ಲೆಕ್ಕ. 1841, 1861, 1871ರ ಗಣತಿ ಮೂರನ್ನೂ ನೋಡಿ. ಊರೂರಿನ ವ್ಯಾಪಾರಿಗಳ ಪಟ್ಟಿಯಿದ್ದ ಕೆಲ್ಲಿ ಡೈರೆಕ್ಟರಿಯಲ್ಲಿ ಪಬ್ಬಿನ ಹೆಸರು ಹುಡುಕಬೇಡಿ, ಆ ಊರಿನ ಪಟ್ಟಿಯಲ್ಲಿ ‘ಬಿಯರ್ ರಿಟೇಲರ್’ (ಚಿಲ್ಲರೆ ಬಿಯರ್ ಮಾರುವವ) ಯಾರು ಅಂತ ನೋಡಿ.

ಉತ್ತರ 2
ಹಿಂದಿನಿಂದ ಮುಂದಕ್ಕೆ ಬರುವ ಬದಲು ಮುಚ್ಚಿದ ವರ್ಷದಿಂದ ಹಿಂದಕ್ಕೆ ಹೋಗುವುದು ಸುಲಭ. 1872ರ ನಂತರದ ಲೈಸೆನ್ಸ್ ರಿಜಿಸ್ಟರುಗಳಲ್ಲಿ ಮಾಲೀಕ, ನಡೆಸುವವ, ಕೈಬದಲಾದ ದಿನಾಂಕ ಎಲ್ಲ ಇರುತ್ತವೆ. ‘1869ಕ್ಕೆ ಮುಂಚಿನದು’ ಎಂಬ ಷರಾ ಕಂಡರೆ ಅದು ಹಳೇ ಬಿಯರ್‌ಹೌಸೇ. 1904ರ ಕಾಯ್ದೆಯಡಿ ‘ಊರಿಗೆ ಹೆಚ್ಚಾಯಿತು’ ಎಂದು ಪರಿಹಾರ ಕೊಟ್ಟು ಬಹಳಷ್ಟು ಪಬ್ ಮುಚ್ಚಿಸಿದರು. ಆ ಪರಿಹಾರದ ಕಡತ ಸಿಕ್ಕರೆ ದೊಡ್ಡ ಆಸ್ತಿ. ಇನ್ನೊಂದು, 1910ರಲ್ಲಿ ಶುರುವಾದ ಭೂಮೌಲ್ಯ ಸರ್ವೆಯ ಫೀಲ್ಡ್ ಬುಕ್, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ ಐಆರ್ 58 ಸರಣಿ. ಮೊದಲು ಸರ್ವೆ ನಕ್ಷೆಯಲ್ಲಿ ಮನೆಯ ನಂಬರ್ ತೆಗೆದುಕೊಳ್ಳಿ, ಅದಿಲ್ಲದೆ ಪುಸ್ತಕ ತರಿಸಿದರೆ ದಿನವೇ ಹಾಳು.

ಉತ್ತರ 3
ಕಬ್ಬಿಣದ ತೋಳು ಅಂಗಡಿಯದ್ದೂ ಇರಬಹುದು. ನೆಲಮಾಳಿಗೆ ಹೆಚ್ಚು ನಂಬಿಕಸ್ತ. ಹಲಗೆಬಾಗಿಲ ಕೆಳಗೆ ಪೀಪಾಯಿ ಜಾರಿಸುವ ಎರಡು ಸಮಾನಾಂತರ ದಿಮ್ಮಿಗಳಿವೆಯೇ? ಗೋಡೆಗುಂಟ ತಗ್ಗಾದ ಕಲ್ಲಿನ ಅಥವಾ ಇಟ್ಟಿಗೆಯ ಜಗಲಿ ಇದೆಯೇ? ಗಷ್ಟು ತಳಕ್ಕಿಳಿಯಲಿ ಅಂತ ಪೀಪಾಯಿಗಳನ್ನು ಅದರ ಮೇಲೆ ಅಲುಗದಂತೆ ಮಲಗಿಸುತ್ತಿದ್ದರು. ಪೀಪಾಯಿಯ ಅಳತೆಗಳೆಂದರೆ 9 ಗ್ಯಾಲನ್ ಫರ್ಕಿನ್, 18ರ ಕಿಲ್ಡರ್ಕಿನ್, 36ರ ಬ್ಯಾರೆಲ್: ಬಾಗಿಲಲ್ಲಿ ಇವು ತೂರುವುದಿಲ್ಲ ಅಂದರೆ ಅದು ಕಲ್ಲಿದ್ದಲಿನ ಕಿಂಡಿ.

ಮನೆ ಹೆಸರು ಪಬ್ಬಿನ ಹೆಸರಿನಂತೆ ‘ಓಲ್ಡ್ ಬೆಲ್’ ಅಂತಿದ್ದರೆ ಅದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. ಲೈಸೆನ್ಸ್ ಎದುರುಮನೆಗೆ ಹೋದಾಗ ಪಬ್ಬಿನ ಹೆಸರೂ ಜೊತೆಗೇ ಹೋದದ್ದುಂಟು. ಮೈಲಿಗೆ 25 ಇಂಚಿನ ಅಳತೆಯ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಇಲಾಖೆ) ನಕ್ಷೆಯ ಬೇರೆ ಬೇರೆ ಆವೃತ್ತಿ ಪಕ್ಕಪಕ್ಕ ಇಟ್ಟು ‘ಪಿ.ಹೆಚ್.’ (ಪಬ್ಲಿಕ್ ಹೌಸ್, ಅಂದರೆ ಪಬ್) ಯಾವ ಕಟ್ಟಡದ ಪಕ್ಕ ಇದೆ ಅಂತ ನೋಡಿ.