ಅಪ್‌ಡೇಟ್: ಡಿಸ್ನಿ ವರ್ಲ್ಡ್‌ಗೆ ಅಷ್ಟು ದುಡ್ಡು ಸುರಿಯಬಹುದಾ?

4 ಮತ್ತು 9 ವರ್ಷದ ಮಕ್ಕಳ ಜೊತೆ ಅಮೆರಿಕದ ಒರ್ಲಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋದರೆ ದುಡ್ಡು ಗಿಟ್ಟುತ್ತಾ ಅಂತ ಕೇಳಿದ್ದೆ. ದೊಡ್ಡವನಿಗೆ ಗಿಟ್ಟುತ್ತೆ, ಚಿಕ್ಕವಳಿಗೆ ಅರ್ಧಂಬರ್ಧ.

ನೋಡಬೇಕಾದ್ದು ಮಕ್ಕಳ ಎತ್ತರ, ಕೆಲವು ರೈಡ್ ಹತ್ತೋಕೆ ಇಷ್ಟಾದರೂ ಎತ್ತರ ಇರಬೇಕು. ಸೆವೆನ್ ಡ್ವಾರ್ಫ್ಸ್ ಗಣಿ ರೈಲಿಗೆ 97 ಸೆಂ.ಮೀ. ಇರಬೇಕು, ಸ್ಪೇಸ್ ಮೌಂಟನ್‌ಗೆ 112, ಟ್ರಾನ್‌ಗೆ 122. ಕ್ಯೂ ಶುರುವಾಗೋ ಕಡೆಯೇ ಅಳತೆ ಕೋಲು ಇರುತ್ತೆ. ಒಂಚೂರು ಕಡಿಮೆಯಾದರೂ ವಾಪಸ್. ಹೊರಡೋ ಮುಂಚೆ ಮನೆ ಗೋಡೆಗೆ ನಿಲ್ಲಿಸಿ ಅಳೆದುಬಿಡಿ. ಮಗು ಕುಳ್ಳಗಿದ್ದರೆ 'ರೈಡರ್ ಸ್ವಿಚ್' ಕೇಳಿ: ಒಬ್ಬರು ಮಗು ಜೊತೆ ನಿಂತು, ಇನ್ನೊಬ್ಬರು ಇಳಿದ ಮೇಲೆ ಪೂರ್ತಿ ಕ್ಯೂ ನಿಲ್ಲದೆ ಹತ್ತಬಹುದು. ಇದು ಪುಕ್ಕಟೆ.

ಟಿಕೆಟ್ 3 ತುಂಬದವರಿಗೆ ಬೇಡ, 10 ತುಂಬಿದರೆ ದೊಡ್ಡವರ ದರ. ತಾರೀಖಿಗೆ ತಕ್ಕಂತೆ ದರ ಏರುತ್ತೆ. ಕ್ರಿಸ್‌ಮಸ್ ವಾರ ಬೇಡವೇ ಬೇಡ.

ಬಜೆಟ್ ಕೆಡಿಸೋದು ಲೈಟ್ನಿಂಗ್ ಲೇನ್, ಅಂದರೆ ಉದ್ದ ಕ್ಯೂ ತಪ್ಪಿಸೋ ಪಾಸ್. ಹಿಂದೆ ಫಾಸ್ಟ್‌ಪಾಸ್ ಅಂತ ಪುಕ್ಕಟೆ ಇತ್ತು. 2021ರಿಂದ ತಲೆಗಿಷ್ಟು ಅಂತ ಕಾಸು. ಡಿಸ್ನಿ ವರ್ಲ್ಡ್ ಒಳಗಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಹೋಗೋ ದಿನಕ್ಕಷ್ಟೇ ತಗೊಳ್ಳಿ. ಅಲ್ಲಿನ ಇನ್ನೊಂದು ಪಾರ್ಕ್ ಅನಿಮಲ್ ಕಿಂಗ್‌ಡಮ್‌ಗೆ ಗೇಟು ತೆಗೆಯೋ ಹೊತ್ತಿಗೆ ಹೋದರೆ ಸಾಕು.

ಚಪಾತಿ, ಪುಳಿಯೋಗರೆ ಡಬ್ಬಿ ಒಳಗೆ ಬಿಡ್ತಾರೆ, ಗಾಜಿನ ಉಪ್ಪಿನಕಾಯಿ ಬಾಟಲಿ ಬಿಡಲ್ಲ. ಫುಡ್ ಕೌಂಟರಲ್ಲಿ ಕೇಳಿದರೆ ಐಸ್ ನೀರಿಗೆ ಕಾಸಿಲ್ಲ.