ನೀನು ಕರೆಸದ ಗಾಡಿಗೆ ಕಾರು ಕೊಡಬೇಡ

ಮಗಳೇ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಮುಂದಿನ ತಿಂಗಳು ಕಾರಿನ ವಾರಂಟಿ ಮುಗಿಯುತ್ತದೆ, ಅದರ ಜೊತೆ ಕಂಪನಿ ಕೊಟ್ಟ ರೋಡ್‌ಸೈಡ್ ಅಸಿಸ್ಟೆನ್ಸ್ (ದಾರಿಯಲ್ಲಿ ಕಾರು ನಿಂತರೆ ಬಂದು ಸಹಾಯ ಮಾಡುವ ಸೇವೆ) ಕೂಡ ಹೋಗುತ್ತದಾ, ರಾತ್ರಿ ಒಬ್ಬಳೇ ಬರುವಾಗ ಕಾರು ನಿಂತರೆ ಏನು ಮಾಡಲಿ ಅಂತ ಕೇಳಿದ್ದೀಯ. ನನಗೆ ಇಷ್ಟೆಲ್ಲ ಟೈಪ್ ಮಾಡಲು ಆಗುವುದಿಲ್ಲ, ಮಾತಾಡಿಯೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು.

ಮೊದಲು ಇದನ್ನು ಕಿವಿಗೆ ಹಾಕಿಕೋ. ನೀನು ಫೋನ್ ಮಾಡಿ ಕರೆಸದ ಟೋಯಿಂಗ್ ಗಾಡಿಯವರು, ಅಂದರೆ ಕೆಟ್ಟ ಕಾರು ಎಳೆದುಕೊಂಡು ಹೋಗುವವರು, ಬಂದು ಕಾರಿಗೆ ಕೊಕ್ಕೆ ಹಾಕಲು ಬಿಡಬೇಡ. ಎಷ್ಟೇ ಕತ್ತಲೆ ಇರಲಿ, ಅವರು ಎಷ್ಟೇ ಚೆನ್ನಾಗಿ ಮಾತಾಡಲಿ.

ನಮ್ಮ ಬಿಳಿ ಕಾರು ನಿಮಗೆಲ್ಲ ನೆನಪಿದೆಯಲ್ವಾ, ಆಟೋಮ್ಯಾಟಿಕ್ ಗೇರಿನದು? ಅದರಲ್ಲಿ ನಾನು, ದೊಡ್ಡಪ್ಪ ಇಬ್ಬರೂ ದೊಡ್ಡ ಮಗನ ಮನೆಯಿಂದ ರಾತ್ರಿ ವಾಪಸ್ ಬರುತ್ತಿದ್ದೆವು. ನಾನೇ ಓಡಿಸುತ್ತಿದ್ದೆ. ಹೆದ್ದಾರಿಯಲ್ಲಿ ಇಂಜಿನ್ ಬಿಸಿಯಾದ ಕೆಂಪು ದೀಪ ಬಂತು. ನಾನು ತಕ್ಷಣ ಪಕ್ಕಕ್ಕೆ ತೆಗೆದು ಇಂಜಿನ್ ಆಫ್ ಮಾಡಿದೆ. ಇಲ್ಲಿಯವರೆಗೆ ಸರಿಯಾಗಿಯೇ ಮಾಡಿದೆ. ಕೆಂಪು ದೀಪ ಬಂದ ಮೇಲೆ "ಇನ್ನು ಸ್ವಲ್ಪ ದೂರ" ಅಂತ ಓಡಿಸಿದರೆ ಇಂಜಿನ್ನೇ ಹೋಗುತ್ತದೆ.

ಕಂಪನಿಯ ನಂಬರಿಗೆ ಫೋನ್ ಮಾಡೋಣ ಅಂದೆ. ದೊಡ್ಡಪ್ಪ "ಮೂರು ವರ್ಷ ಆಯಿತು, ಅದೆಲ್ಲ ಮುಗಿದಿದೆ, ಸುಮ್ನೆ ಯಾಕೆ" ಅಂದರು. ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ನಾನು ನಂಬಿದೆ. ನಂಬರ್ ಎಲ್ಲಿದೆ ಅಂತಲೂ ಹುಡುಕಲಿಲ್ಲ. ಅಷ್ಟರಲ್ಲಿ ಒಂದು ಟೋಯಿಂಗ್ ಗಾಡಿ ತಾನಾಗಿಯೇ ಬಂದು ನಿಂತಿತು. ನಾವು ಯಾರಿಗೂ ಹೇಳಿರಲಿಲ್ಲ, ಆದರೂ ಬಂತು. ಅವನು ಮರ್ಯಾದೆಯಿಂದಲೇ ಮಾತಾಡಿದ. ಕಾರಿನ ಹಿಂಭಾಗ ಎತ್ತಿ, ಮುಂದಿನ ಎರಡು ಚಕ್ರ ರಸ್ತೆಯ ಮೇಲೆ ಉರುಳುವ ಹಾಗೆ ಎಳೆದುಕೊಂಡು ಹೊರಟ.

ನಮ್ಮ ಕಾರಿನಲ್ಲಿ ಇಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಆ ಥರದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಎಣ್ಣೆ ತಿರುಗಿಸುವ ಪಂಪ್ ಇಂಜಿನ್ ಓಡಿದರೆ ಮಾತ್ರ ಓಡುತ್ತದೆ. ಇಂಜಿನ್ ಬಂದ್, ಪಂಪ್ ಬಂದ್, ಆದರೆ ಚಕ್ರ ಮಾತ್ರ ಅಷ್ಟು ದೂರ ತಿರುಗುತ್ತಲೇ ಬಂತು. ಎಣ್ಣೆ ಇಲ್ಲದೆ ಒಳಗಿನ ಭಾಗಗಳು ಉಜ್ಜಿ ಉಜ್ಜಿ ಸುಟ್ಟವು. ಮೊದಲು ಕೆಟ್ಟಿದ್ದು ಏನು ಗೊತ್ತಾ? ನೀರು ಹೋಗುವ ಒಂದು ರಬ್ಬರ್ ಪೈಪ್ ಒಡೆದಿತ್ತು, ಅಷ್ಟೇ. ಪೈಪ್ ಬದಲಾಯಿಸಿದ್ದರೆ ಮರುದಿನ ಕಾರು ಮನೆಯಲ್ಲಿ ಇರುತ್ತಿತ್ತು. ಈಗ ಗೇರ್‌ಬಾಕ್ಸ್ ಹೋಯಿತು. ದುಡ್ಡು ಕೊಟ್ಟು ಮುಂದುವರಿಸಿದ್ದ ವಾರಂಟಿ ಇತ್ತು. ತಪ್ಪಾಗಿ ಎಳೆದದ್ದರಿಂದ ಹಾಳಾಗಿದೆ, ಇದಕ್ಕೆ ಬರುವುದಿಲ್ಲ ಅಂತ ಅದನ್ನೂ ತಳ್ಳಿಹಾಕಿದರು. ಕೈಪಿಡಿ ತೆಗೆದು ನೋಡಿದರೆ ನಿಜವಾಗಿಯೂ ಬರೆದಿತ್ತು. ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಎಳೆಯಬಾರದು, ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿ ಬೇಕು ಅಂತ.

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ವಾರದ ಮೇಲೆ ಕಾಗದ ಜೋಡಿಸುವಾಗ ಹಳೆಯ ಸರ್ವಿಸ್ ಬಿಲ್ಲಿನ ಹಿಂದೆ ಒಂದು ಚೀಟಿ ಸಿಕ್ಕಿತು. ಕಂಪನಿಯ ವರ್ಕ್‌ಶಾಪಿನಲ್ಲಿ ಸರ್ವಿಸ್ ಮಾಡಿಸಿದ್ದಕ್ಕೆ ಅಸಿಸ್ಟೆನ್ಸ್ ಒಂದು ವರ್ಷ ಮುಂದಕ್ಕೆ ಹೋಗಿತ್ತು. ಆ ರಾತ್ರಿ ನಮ್ಮ ಹತ್ತಿರ ಅಸಿಸ್ಟೆನ್ಸ್ ಕವರ್ ಇತ್ತು ಮಗಳೇ! ಒಂದು ಫೋನ್ ಮಾಡಿದ್ದರೆ ಸರಿಯಾದ ಗಾಡಿ ಬರುತ್ತಿತ್ತು.

ಅದಕ್ಕೇ ಮತ್ತೆ ಹೇಳುತ್ತೇನೆ, ನೀನು ಕರೆಸದ ಗಾಡಿಯವರಿಗೆ ಕಾರು ಮುಟ್ಟಲು ಬಿಡಬೇಡ. ಕಂಪನಿ ಕಳಿಸಿದ್ದಾರೆ ಅಂತ ಯಾರೋ ಬಂದು ಹೇಳಬಹುದು. ಕಂಪನಿ ನಿಜವಾಗಿ ಕಳಿಸಿದವನಿಗೆ ನಿನ್ನ ಹೆಸರು, ಫೋನಿನಲ್ಲಿ ಕೊಟ್ಟ ದೂರಿನ ನಂಬರ್ ಎರಡೂ ಗೊತ್ತಿರುತ್ತದೆ. ಅವನ ಬಾಯಿಂದಲೇ ಅದು ಬರಲಿ. ನೀನು ಮೊದಲು ಹೇಳಬೇಡ. ನಿನ್ನದು ಬ್ಯಾಟರಿ ಕಾರು ಬೇರೆ. ಅದರಲ್ಲಿ ಬಲ ಹೋಗುವ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ಕೂಡ ತಿರುಗಿ ಕರೆಂಟ್ ಹುಟ್ಟಿಸುತ್ತದೆ. ಅದಕ್ಕೆ ಫ್ಲಾಟ್‌ಬೆಡ್ಡೇ ಬೇಕು ಅಂತ ಫೋನಿನಲ್ಲೇ ಹೇಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಏನು ಮಾತು ಅಂತ ನಿಮಗೆಲ್ಲ ಗೊತ್ತು. ಯಾವ ಕಾರ್ಯಕ್ರಮಕ್ಕೆ ಸೇರಿದರೂ "ದೊಡ್ಡಮ್ಮನ ಅವಸರಕ್ಕೆ ಗೇರ್‌ಬಾಕ್ಸ್ ಹೋಯಿತು" ಅಂತ ಶುರು ಮಾಡುತ್ತಾರೆ. ನಿಮ್ಮ ಚಿಕ್ಕತ್ತೆ ಅದನ್ನು ಮಕ್ಕಳಿಗೂ ಹೇಳಿಕೊಟ್ಟಿದ್ದಾಳೆ. ಕವರ್ ಮುಗಿದಿದೆ ಅಂತ ಹೇಳಿದ್ದು ನಾನಾ? ನಂಬರಿಗೆ ಫೋನ್ ಮಾಡೋಣ ಅಂತ ಹೇಳಿದ್ದು ಯಾರು? ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೇಳಿದೆ. ಇವತ್ತು ಗ್ರೂಪಿನಲ್ಲಿ ಎಲ್ಲರೂ ಇದ್ದೀರಿ, ದೊಡ್ಡಪ್ಪನೂ ಕೇಳಲಿ. ನನಗೆ ನಿಜವಾಗಿಯೂ ನೋವಾಗಿದೆ.

ಕಾರು ಮಾರಿದವರ ಮೇಲೂ ನನಗೆ ಕೋಪ ಇದೆ. ಡೆಲಿವರಿ ದಿನ ಆ ಹುಡುಗ ಫೋನ್ ಜೋಡಿಸುವುದು, ಪರದೆ ಮುಟ್ಟುವುದು, ಸೀಟು ಸರಿಸುವುದು ಎಲ್ಲ ಹೇಳಿಕೊಟ್ಟ. ರಾತ್ರಿ ಕಾರು ನಿಂತರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಮಾತು ಆಡಲಿಲ್ಲ. ಈಗಂತೂ ಎಷ್ಟೋ ಕಾರುಗಳಿಗೆ ಸ್ಟೆಪ್ನಿಯನ್ನೇ ಕೊಡುವುದಿಲ್ಲ. ಒಂದು ಸಣ್ಣ ಪಂಪು, ಒಂದು ಬಾಟಲಿ ಅಂಟು ಕೊಡುತ್ತಾರೆ. ಮೊಳೆ ಚುಚ್ಚಿದ ಸಣ್ಣ ತೂತಿಗೆ ಅದು ಸರಿ. ಟೈರಿನ ಪಕ್ಕ ಸೀಳಿದರೆ ಆ ಅಂಟು ಏನು ಮಾಡುತ್ತದೆ? ಅಸಿಸ್ಟೆನ್ಸ್‌ನವರು ಬಂದರೂ ಹಾಕಲು ಚಕ್ರ ಇರಬೇಕಲ್ವಾ. ಆಗ ಎತ್ತಿಕೊಂಡು ಹೋಗುವುದೇ ದಾರಿ. ನಿನ್ನ ಡಿಕ್ಕಿಯಲ್ಲಿ ಏನಿದೆ ಅಂತ ನೋಡಿದ್ದೀಯಾ?

ಅಯ್ಯೋ, ನೀನು ಕೇಳಿದ್ದು ಬೇರೆ. ವಾರಂಟಿ ಮುಗಿದರೆ ಇದೂ ಹೋಗುತ್ತದಾ ಅಂತ. ಎರಡೂ ಬೇರೆ ಬೇರೆ. ವಾರಂಟಿ ಅಂದರೆ ಕೆಟ್ಟ ಭಾಗವನ್ನು ಸರಿ ಮಾಡಿಕೊಡುವುದು. ಅಸಿಸ್ಟೆನ್ಸ್ ಅಂದರೆ ನಿಂತ ಜಾಗಕ್ಕೆ ಬಂದು ಓಡುವ ಹಾಗೆ ಮಾಡುವುದು, ಆಗದಿದ್ದರೆ ಹತ್ತಿರದ ಕಂಪನಿ ವರ್ಕ್‌ಶಾಪಿಗೆ ಮುಟ್ಟಿಸುವುದು. ಕೆಲವು ಕಂಪನಿಗಳಲ್ಲಿ ಎರಡೂ ಒಂದೇ ದಿನ ಮುಗಿಯುತ್ತವೆ. ಕೆಲವರಲ್ಲಿ ಅವರ ಹತ್ತಿರ ಸರ್ವಿಸ್ ಮಾಡಿಸಿದ ಪ್ರತಿ ಸಲ ಅಸಿಸ್ಟೆನ್ಸ್ ಮುಂದಕ್ಕೆ ಹೋಗುತ್ತದೆ, ಹೊರಗೆ ಮಾಡಿಸಿದರೆ ನಿಲ್ಲುತ್ತದೆ. ನಿನ್ನದು ಯಾವುದು ಅಂತ ನಾಳೆಯೇ ಫೋನ್ ಮಾಡಿ ಕೇಳು, ಕೊನೆಯ ದಿನಾಂಕವನ್ನು ಮೆಸೇಜಿನಲ್ಲಿ ಕಳಿಸಿ ಅಂತ ಹೇಳು. ಮುಗಿಯುತ್ತಿದ್ದರೆ ಮುಗಿಯುವ ಮೊದಲೇ ಮುಂದುವರಿಸು. ಆದರೆ ದುಡ್ಡು ಕಟ್ಟುವ ಮೊದಲು ಇನ್ಶೂರೆನ್ಸ್ ಪಾಲಿಸಿ ನೋಡು, ಅದರಲ್ಲೂ ಇದೇ ಸೇವೆ ಇರಬಹುದು. ಎರಡು ಕಡೆ ಕೊಡುವುದು ಬೇಡ.

ಎಷ್ಟು ದೂರದವರೆಗೆ ಬಿಟ್ಟಿ ಎಳೆಯುತ್ತಾರೆ, ಮನೆ ಬಾಗಿಲಲ್ಲೇ ಸ್ಟಾರ್ಟ್ ಆಗದಿದ್ದರೂ ಬರುತ್ತಾರಾ, ವರ್ಷಕ್ಕೆ ಎಷ್ಟು ಸಲ, ಚಾರ್ಜ್ ಮುಗಿದರೆ ಏನು ಮಾಡುತ್ತಾರೆ, ಇವನ್ನೂ ಕೇಳಿಬಿಡು. ಅಪಘಾತವಾದರೆ ಈ ಕವರಿಗೆ ಸೇರುತ್ತದಾ, ಇನ್ಶೂರೆನ್ಸಿಗೆ ಸೇರುತ್ತದಾ ಅಂತಲೂ ಕೇಳು. ಬ್ಯಾಟರಿ ಕಾರಿನಲ್ಲೂ ದೊಡ್ಡ ಬ್ಯಾಟರಿ ಅಲ್ಲದೆ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡದರಲ್ಲಿ ಚಾರ್ಜ್ ಇದ್ದರೂ ಕಾರು ಏಳುವುದಿಲ್ಲ, ಗಾಬರಿಯಾಗಬೇಡ, ಅದಕ್ಕೂ ಇವರನ್ನೇ ಕರೆಯಬಹುದು.

ಫೋನ್ ಮಾಡಿದಾಗ ಚಾಸಿಸ್ ನಂಬರ್, ಅಂದರೆ ಕಾರಿನ ಗುರುತಿನ ನಂಬರ್ ಕೇಳುತ್ತಾರೆ. ಒಟ್ಟು 17 ಅಕ್ಷರ, ಅಂಕಿ ಸೇರಿ ಇರುತ್ತದೆ. ಮುಂದಿನ ಗಾಜಿನ ಕೆಳಮೂಲೆಯಲ್ಲೋ, ಡ್ರೈವರ್ ಬಾಗಿಲಿನ ಕಂಬದಲ್ಲೋ, ಕಾರಿನ ಕಾಗದದಲ್ಲೋ ಸಿಗುತ್ತದೆ. ಅದರಲ್ಲಿ ಐ, ಓ, ಕ್ಯೂ ಅಕ್ಷರ ಹಾಕುವುದೇ ಇಲ್ಲ, ಹಾಗಾಗಿ ದುಂಡಗೆ ಕಂಡರೆ ಸೊನ್ನೆ ಅಂತಲೇ ಓದು. ಕಾರು ನಿಂತಾಗ ನಾಲ್ಕೂ ಇಂಡಿಕೇಟರ್ ಹಾಕಿ, ವಾಹನ ಓಡಾಡದ ಕಡೆಯಿಂದ ಇಳಿದು, ತಡೆಗೋಡೆ ಇದ್ದರೆ ಅದರ ಆಚೆ ನಿಂತು ಫೋನ್ ಮಾಡು.

ನಾಳೆ ಬೆಳಿಗ್ಗೆ ಚಾಸಿಸ್ ನಂಬರಿನದ್ದು, ಸಹಾಯವಾಣಿ ಸ್ಟಿಕ್ಕರಿನದ್ದು ಎರಡು ಫೋಟೋ ತೆಗೆದು ನಿನ್ನ ಗಂಡನಿಗೂ ನನಗೂ ಕಳಿಸು. ಚಾಸಿಸ್ ನಂಬರ್ ಗ್ರೂಪಿಗೆ ಹಾಕಬೇಡ, ನನಗೆ ಬೇರೆಯಾಗಿ ಕಳಿಸು. ದಿನಾಂಕ ಗೊತ್ತಾದ ತಕ್ಷಣ ಹೇಳು, ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.